ಮಾಡಿದ್ದು ನಾನು, ಹೇಳಿದ್ದು ನಾನಲ್ಲ

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಆ್ಯಪ್ ಈ ವಾರ ಅವಳ ಅಜ್ಜನಿಗೇ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದನ್ನು ಕಲಿಸಲು ಹೊರಟಿತು. ಕೊಳೆರೋಗದ ಜೊತೆ ಗುದ್ದಾಡುತ್ತಲೇ ಅಡಿಕೆ ಬೆಳೆದವರು ಅವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬಲ್ಲಿಯವರೆಗೆ ತಲೆಯಾಡಿಸಿದರು. ‘ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಿರಿ’ ಎಂದು ಬಂದದ್ದೇ ತಡ, ಕನ್ನಡಕ ತೆಗೆದರು.

‘ಇದು ತಿರುಗುಮುರುಗು. ಹೇಳಿದವರು ಯಾರು?’

‘ಆ್ಯಪ್ ಹೇಳಿತು, ಅಜ್ಜ.’

‘ಆ್ಯಪ್ ಮಾಡಿದವಳು ನೀನಲ್ಲವೇ?’

‘ಮಾಡಿದ್ದು ನಾನು. ಹೇಳಿದ್ದು ನಾನಲ್ಲ.’

ಹುಡುಗಿ ಜಾರಿಕೊಳ್ಳಲಿಲ್ಲ, ಇದ್ದದ್ದನ್ನೇ ಹೇಳಿದಳು. ಅವಳು ಬಳಸಿದ್ದು ಆ್ಯಪ್ ಇನ್ವೆಂಟರ್. 2010ರಲ್ಲಿ ಗೂಗಲ್‌ನಿಂದ ಹೊರಬಂದು ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೈಸೇರಿದ, ಆ್ಯಪ್ ಮಾಡುವ ಸಾಧನ. ಕೋಡ್ ಬರೆಯಬೇಕಿಲ್ಲ, ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಕೂಡಿಸಿದರಾಯಿತು. ಚಾಟ್‌ಬಾಟ್‌ಗೂ ಅದರಲ್ಲಿ ಜಾಗವಿದೆ: ಒಂದು ಬ್ಲಾಕ್ ಪ್ರಶ್ನೆಯನ್ನು ಹೊರಗಿನ ಕೃತಕ ಬುದ್ಧಿಮತ್ತೆ ಸೇವೆಗೆ ಕಳಿಸುತ್ತದೆ, ಇನ್ನೊಂದು ಬಂದ ಉತ್ತರವನ್ನು ಹಿಡಿದು ಪರದೆಗೆ ಹಾಕುತ್ತದೆ. ಪರದೆ, ಗುಂಡಿ, ಅಡಿಕೆ ಗೊನೆಯ ಚಿತ್ರ ಎಲ್ಲವೂ ಅವಳವು. ಮಾತು ಮಾತ್ರ ಬೇರೆಲ್ಲಿಂದಲೋ ಬಂದದ್ದು.

ಮಕ್ಕಳಿಗೆ ಇದರ ತರಬೇತಿ ಕೊಡಲು ಬಂದಿದ್ದ ಯುವಕ ಒಳ್ಳೆಯವನೇ, ಮಕ್ಕಳೆದುರು ತಾಳ್ಮೆಯೂ ಇತ್ತು. ಆದರೆ ಅವನ ಬಾಯಲ್ಲಿ ಒಂದೇ ಪಲ್ಲವಿ: ‘ಜೋಡಿಸಿದರೆ ಮುಗಿಯಿತು.’ ಸೇವೆಯನ್ನು ಬಳಸಲು ಖಾತೆದಾರರಿಗೆ ಸಿಗುವ ಗುಪ್ತ ಸಂಕೇತವನ್ನು, ಅಂದರೆ ಕೀಲಿಯನ್ನು, ಬ್ಲಾಕ್‌ನಲ್ಲೇ ಬರೆದು ಆ್ಯಪ್ ಹಂಚಿದರೆ, ಬಲ್ಲವರು ಫೈಲ್ ಬಿಚ್ಚಿ ಅದನ್ನು ಹೊರತೆಗೆಯಬಹುದು. ಬಿಲ್ಲು ಬರುವುದು ಕೀಲಿಯ ಒಡೆಯನಿಗೆ. ಇದನ್ನು ಅವನು ಹೇಳಲೇ ಇಲ್ಲ. ಇವಳ ಕೀಲಿ ಸೋದರಮಾವನ ಖಾತೆಯದು, ಪಾಪ.

‘ನೀನು ಅಡಿಕೆ ಬೆಳೆಯ ತಜ್ಞ’ ಎಂದು ಸೇವೆಗೆ ಸೂಚನೆ ಬರೆದು ನೋಡಿದಳು. ತಜ್ಞನ ಗತ್ತು ಬಂತೇ ಹೊರತು ತೋಟದ ತಿಳಿವಳಿಕೆ ಬರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು: ಪ್ರಶ್ನೆಯಲ್ಲಿ ‘ಬೋರ್ಡೋ’ ಎಂದಿದ್ದರೆ ಅದು ಹೊರಗೆ ಹೋಗಕೂಡದು, ಅಜ್ಜ ಹೇಳಿ ಬರೆಸಿದ್ದೇ ಕಾಣಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಕೆಳಗೆ ಅಜ್ಜನ ಹೆಸರು. ‘ಫೋನ್ ನಂಬರನ್ನೂ ಹಾಕು, ತಪ್ಪಿದ್ದರೆ ಬೈಯಲು ಯಾರಾದರೂ ಬೇಕಲ್ಲ’ ಎಂದರು ಆತ.

ಬೈಸಿಕೊಳ್ಳಲು ಸಿದ್ಧವಿರುವವರೇ ಈಗ ಅಪರೂಪ. ಔಷಧಿ ಅಂಗಡಿಯವನು ಕಂಪನಿ ಹೇಳಿತು ಎನ್ನುತ್ತಾನೆ, ಕಚೇರಿಯವರು ಮೇಲಿನ ಆದೇಶ ಎನ್ನುತ್ತಾರೆ, ಶಾಲೆಯಲ್ಲಿ ನಾವು ಪಠ್ಯಪುಸ್ತಕದಲ್ಲಿದೆ ಎನ್ನುತ್ತೇವೆ. ಮಾಡುವವರು ನಾವು, ಹೇಳಿದವರು ಇನ್ಯಾರೋ. ಯಂತ್ರ ಬಂದದ್ದರಿಂದ ಈ ರೋಗ ಹುಟ್ಟಲಿಲ್ಲ. ಬೈದರೂ ಯಂತ್ರ ನಾಚುವುದಿಲ್ಲ, ಅಷ್ಟೇ.

ವಿಜ್ಞಾನ ಪ್ರದರ್ಶನಕ್ಕೆ ‘ನಮ್ಮ ಶಾಲೆಯ ಕೃತಕ ಬುದ್ಧಿಮತ್ತೆ’ ಎಂಬ ಫಲಕ ಬರೆಸಬೇಕೆಂದು ಮುಖ್ಯೋಪಾಧ್ಯಾಯರ ಹಟ. ಉಳಿದ ಪ್ರತಿ ಉತ್ತರದ ಕೆಳಗೂ ‘ಇದು ಹೊರಗಿನ ಸೇವೆಯ ಮಾತು, ಯಾರೂ ಪರೀಕ್ಷಿಸಿಲ್ಲ’ ಎಂದು ಹಾಕುತ್ತೇನೆಂದು ಹುಡುಗಿಯ ಹಟ. ಹಾಗೆ ಬರೆದರೆ ತೀರ್ಪುಗಾರರು ಅಂಕ ಕಡಿಮೆ ಮಾಡುತ್ತಾರಂತೆ. ಮಾಡಲಿ. ನಾನು ಹುಡುಗಿಯ ಪಕ್ಷ ಎಂದು ಸಿಬ್ಬಂದಿ ಕೊಠಡಿಯಲ್ಲಿ ಹೇಳಿಯಾಗಿದೆ. ಫಲಕದ ಮಾತು ಇನ್ನೂ ತೀರ್ಮಾನವಾಗಿಲ್ಲ.