ವೆಬ್‌ಕ್ಯಾಮ್ ಚಿತ್ರ ಮಸುಕಾದರೆ ಮೊದಲು ಕೋಣೆಯ ಬೆಳಕನ್ನು ನೋಡಿ

ವಿಡಿಯೊ ಕರೆಯಲ್ಲಿ ಮುಖ ಸ್ಪಷ್ಟವಾಗಿ ಕಾಣದಿದ್ದರೆ, ದೋಷ ಕ್ಯಾಮೆರಾದ್ದೋ ಇಂಟರ್ನೆಟ್‌ನದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಕರೆಯನ್ನು ಮುಗಿಸಿ, ಕಂಪ್ಯೂಟರಿನಲ್ಲೇ ಇರುವ ಕ್ಯಾಮೆರಾ ಆ್ಯಪ್‌ನಲ್ಲಿ ಒಂದು ಸಣ್ಣ ವಿಡಿಯೊ ರೆಕಾರ್ಡ್ ಮಾಡಿ ನೋಡಿದರೆ ಸಾಕು. ಅಲ್ಲಿ ಚಿತ್ರ ಚೆನ್ನಾಗಿದ್ದು, ಕರೆಯಲ್ಲಿ ಮಾತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ, ಹೆಚ್ಚಾಗಿ ಅಪ್‌ಲೋಡ್ ವೇಗ ಸಾಲದೆ ಆ್ಯಪ್ ತಾನಾಗಿಯೇ ಗುಣಮಟ್ಟವನ್ನು ಇಳಿಸಿರುತ್ತದೆ. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಅದು ಸರಿಹೋಗುವುದಿಲ್ಲ.

ರೆಕಾರ್ಡ್ ಮಾಡಿದ ವಿಡಿಯೊ ಕೂಡ ಕಾಳುಕಾಳಾಗಿ ಕಂಡರೆ ಕಾರಣ ಬಹುಮಟ್ಟಿಗೆ ಬೆಳಕಿನ ಕೊರತೆ. ವೆಬ್‌ಕ್ಯಾಮ್‌ನ ಸೆನ್ಸರ್, ಅಂದರೆ ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಭಾಗ, ತೀರ ಚಿಕ್ಕದು. ಸೆಕೆಂಡಿಗೆ 30 ಫ್ರೇಮ್‌ಗಳನ್ನು (ಬಿಡಿ ಚಿತ್ರಗಳನ್ನು) ತೆಗೆಯುವಾಗ ಒಂದೊಂದು ಫ್ರೇಮ್‌ಗೂ ಹೆಚ್ಚೆಂದರೆ ಸೆಕೆಂಡಿನ 30ನೇ ಒಂದು ಭಾಗದಷ್ಟು ಕಾಲ ಮಾತ್ರ ಬೆಳಕು ದೊರೆಯುತ್ತದೆ. ಅದು ಸಾಲದಾದಾಗ ಕ್ಯಾಮೆರಾ ಸಿಕ್ಕಷ್ಟು ಸಂಕೇತವನ್ನೇ ಹಿಗ್ಗಿಸುತ್ತದೆ, ಆಗ ಕಾಳುಗಳು ಮೂಡುತ್ತವೆ. ಇಲ್ಲವೇ ಫ್ರೇಮ್‌ಗಳನ್ನು 15ಕ್ಕೆ ಇಳಿಸುತ್ತದೆ, ಆಗ ತಲೆ ಅಲ್ಲಾಡಿಸಿದರೆ ಮುಖ ಕಲಸಿದಂತೆ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂರುವ ಬದಲು ಅದಕ್ಕೆ ಮುಖ ಮಾಡಿ ಕುಳಿತರೆ ಆಗುವ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರ್ ಕೂಡ ಕೊಡಲಾರದೆಂದು ನನಗೆ ದೃಢವಾಗಿ ಅನ್ನಿಸುತ್ತದೆ. ದೀಪಗಳ ಸುತ್ತ ಮಂಜು ಕವಿದಂತೆ ಕಂಡರೆ ಮಾತ್ರ ಲೆನ್ಸಿನ ಮೇಲಿನ ಬೆರಳಚ್ಚನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಬಹಳ ಜನ ಕ್ಯಾಮೆರಾ ಕೆಟ್ಟಿತೆಂದೇ ಭಾವಿಸುವ ಇನ್ನೊಂದು ತೊಂದರೆಯಿದೆ: ಪರದೆಯ ಮೇಲೆ ಅಡ್ಡಡ್ಡವಾಗಿ ಸರಿದಾಡುವ ಕಪ್ಪು ಪಟ್ಟೆಗಳು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಹಳೆಯ ಟ್ಯೂಬ್‌ಲೈಟ್‌ಗಳ ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಅದು ತಿಳಿಯದು. ಆದರೆ ಚಿತ್ರವನ್ನು ಸಾಲುಸಾಲಾಗಿ ಓದುವ ಸೆನ್ಸರ್‌ಗೆ ಕೆಲವು ಸಾಲುಗಳಲ್ಲಿ ಹೆಚ್ಚು, ಕೆಲವು ಸಾಲುಗಳಲ್ಲಿ ಕಡಿಮೆ ಬೆಳಕು ದೊರೆಯುತ್ತದೆ. ಕ್ಯಾಮೆರಾದ ಸೆಟ್ಟಿಂಗ್ ಅಮೆರಿಕದಲ್ಲಿ ಬಳಕೆಯಲ್ಲಿರುವ 60 ಹರ್ಟ್ಸ್‌ನಲ್ಲೇ ಉಳಿದಿದ್ದರೆ ಹೀಗಾಗುತ್ತದೆ. ಅಲ್ಲಿರುವ ಮಕ್ಕಳು ತಂದುಕೊಟ್ಟ ಕ್ಯಾಮೆರಾ ಬಳಸುವ ಹಿರಿಯರು ಇದನ್ನು ಮರೆಯದೆ ಪರೀಕ್ಷಿಸಬೇಕು. ಕ್ಯಾಮೆರಾದ ಸೆಟ್ಟಿಂಗ್‌ಗಳಲ್ಲಿ 'ಆ್ಯಂಟಿ ಫ್ಲಿಕರ್' ಅಥವಾ 'ಪವರ್ ಲೈನ್ ಫ್ರೀಕ್ವೆನ್ಸಿ' ಎಂಬ ಆಯ್ಕೆಯಿದ್ದರೆ ಅದನ್ನು 50 ಹರ್ಟ್ಸ್‌ಗೆ ಬದಲಿಸಿ. ಆಗ ಪ್ರತಿ ಫ್ರೇಮ್‌ಗೂ ಬೆಳಕು ದೊರೆಯುವ ಅವಧಿ ಸೆಕೆಂಡಿನ 100ನೇ ಒಂದು ಭಾಗಕ್ಕೋ ಅದರ ಪೂರ್ಣ ಗುಣಕಕ್ಕೋ ಹೊಂದಿಕೊಂಡು ಪಟ್ಟೆಗಳು ಮಾಯವಾಗುತ್ತವೆ.

ಪ್ರತ್ಯೇಕ ವೆಬ್‌ಕ್ಯಾಮ್ ಬಳಸುವವರು ಯುಎಸ್‌ಬಿ ಸಂಪರ್ಕವನ್ನೂ ಗಮನಿಸಬೇಕು. 1080ಪಿ (ಫುಲ್ ಎಚ್‌ಡಿ) ವಿಡಿಯೊವನ್ನು ಸೆಕೆಂಡಿಗೆ 30 ಫ್ರೇಮ್‌ಗಳಂತೆ ಸಂಕುಚಿಸದೆ ಕಳುಹಿಸಲು ಸೆಕೆಂಡಿಗೆ ಸುಮಾರು 995 ಮೆಗಾಬಿಟ್ ಬೇಕು, ಯುಎಸ್‌ಬಿ 2.0ರ ಗರಿಷ್ಠ ಮಿತಿ 480. ಆದ್ದರಿಂದಲೇ ಕ್ಯಾಮೆರಾ ಚಿತ್ರವನ್ನು ಒಳಗೇ ಸಂಕುಚಿಸಿ ಕಳುಹಿಸುತ್ತದೆ. ಒಂದೇ ಪೋರ್ಟ್‌ಗೆ ಹಲವು ಸಾಧನಗಳನ್ನು ಜೋಡಿಸುವ ಹಬ್‌ನಲ್ಲಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳ ಜೊತೆ ಅದೇ ದಾರಿಯನ್ನು ಹಂಚಿಕೊಳ್ಳಬೇಕಾಗಿ ಬಂದಾಗ ಫ್ರೇಮ್‌ಗಳು ತಪ್ಪಿಹೋಗಬಹುದು. ಕ್ಯಾಮೆರಾವನ್ನು ಕಂಪ್ಯೂಟರಿನ ಪೋರ್ಟ್‌ಗೇ ನೇರವಾಗಿ ಜೋಡಿಸುವುದು ಒಳ್ಳೆಯದು.