ಬಾಡ್ ರೇಟ್ ಸರಿ ಇತ್ತು, ಆದ್ರೂ ಜಿಡಿಬಿ ಕನೆಕ್ಟ್ ಆಗ್ಲಿಲ್ಲ

ಒಂದು ಲಿನಕ್ಸ್ ಬೋರ್ಡಿನ ಡ್ರೈವರ್ ಡೀಬಗ್ ಮಾಡ್ಬೇಕಿತ್ತು, ಅಂದ್ರೆ ಅದ್ರಲ್ಲಿ ತಪ್ಪೆಲ್ಲಿದೆ ಅಂತ ಹುಡುಕ್ಬೇಕಿತ್ತು, ಬೋರ್ಡ್ ಇರೋದು ಲ್ಯಾಬಲ್ಲಿ, ನಾನಿರೋದು ಮನೇಲಿ. ಬೋರ್ಡಿನ ಸೀರಿಯಲ್ ಕೇಬಲ್ ಲ್ಯಾಬಲ್ಲೇ ಇರೋ ಇನ್ನೊಂದು ಲಿನಕ್ಸ್ ಮಷೀನಿಗೆ ಸಿಕ್ಸಿರ್ತಾರೆ, ಅದಕ್ಕೆ ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ) ಅಲ್ಲಿಂದ ಜಿಡಿಬಿ ಅನ್ನೋ ಡೀಬಗ್ಗರ್ ಓಡಿಸ್ಬೇಕು. ಬೋರ್ಡಲ್ಲಿ ಕೆಜಿಡಿಬಿಗೆ (ಜಿಡಿಬಿ ಜೊತೆ ಮಾತಾಡೋ ಕರ್ನಲ್ ಭಾಗ) 115200 ಬಾಡ್ ರೇಟ್, ಅಂದ್ರೆ ಕೇಬಲ್‌ನಲ್ಲಿ ಡೇಟಾ ಹೋಗೋ ವೇಗ, ಕೊಟ್ಟೆ, ಸಿಸ್‌ಆರ್‌ಕ್ಯೂ (ಕರ್ನಲ್‌ಗೆ ನೇರವಾಗಿ ಕೊಡೋ ವಿಶೇಷ ಆದೇಶ) ಕೊಟ್ಟು ಲಿನಕ್ಸಿನ ತಿರುಳಾದ ಕರ್ನಲ್ ನಿಲ್ಲಿಸ್ದೆ, ಜಿಡಿಬಿಲೂ ಅದೇ 115200. ಕನೆಕ್ಟ್ ಮಾಡಿದ್ರೆ ಪ್ಯಾಕೆಟ್ ಎರರ್ ಅಂತ ಸಾಲು ಸಾಲಾಗಿ ಬರ್ತಿದೆ.

ಬಾಡ್ ರೇಟೇ ಇರ್ಬೇಕು ಅಂತ 57600 ನೋಡ್ದೆ, 9600 ನೋಡ್ದೆ. ಕರ್ನಲ್ ನಿಂತ್ಮೇಲೆ ಬೋರ್ಡಲ್ಲಿ ಎಸ್‌ಎಸ್‌ಎಚ್ಚೂ ಸತ್ತೋಗಿರುತ್ತೆ, ಹಾಗಾಗಿ ಒಂದೊಂದು ಸೆಟ್ಟಿಂಗ್ ಬದಲಾಯಿಸೋಕೂ ಪವರ್ ಆಫ್ ಮಾಡಿ ಆನ್ ಮಾಡ್ಬೇಕು, ಬೂಟ್ ಆಗೋವರೆಗೂ ಕಾಯ್ಬೇಕು. ಲ್ಯಾಬಲ್ಲಿದ್ದವ್ರಿಗೆ ಹೇಳಿ ಕೇಬಲ್ ಕೂಡ ಎರಡು ಸಲ ಚೇಂಜ್ ಮಾಡಿಸ್ದೆ. ಹೀಗೇ ಮಧ್ಯಾಹ್ನ ಪೂರ್ತಿ ಹೋಯ್ತು.

ಆಮೇಲೆ ಜಿಡಿಬಿಲಿ ರಿಮೋಟ್ ಡೀಬಗ್ ಆನ್ ಮಾಡಿ ಪ್ಯಾಕೆಟ್‌ಗಳನ್ನೇ ನೋಡ್ತಾ ಕೂತೆ. ಪ್ರತಿ ಪ್ಯಾಕೆಟ್ಟೂ ಡಾಲರ್ ಚಿಹ್ನೆಯಿಂದ ಶುರುವಾಗಿ ಹ್ಯಾಶ್ ಚಿಹ್ನೆ, ಅದಾದ್ಮೇಲೆ ಎರಡಕ್ಷರದ ಚೆಕ್‌ಸಮ್‌ನಿಂದ (ಡೇಟಾ ಸರಿಯಾಗಿ ಬಂತಾ ಅಂತ ನೋಡೋ ಲೆಕ್ಕ) ಮುಗಿಬೇಕು. ನಂಗೆ ಬರ್ತಿದ್ದಿದ್ರಲ್ಲಿ ಅಕ್ಷರಗಳೆಲ್ಲ ನೀಟಾಗೇ ಇವೆ, ಆದ್ರೆ ಮಧ್ಯಮಧ್ಯ ಕೆಲವು ಮಾಯ, ಒಂದ್ಕಡೆ ಡಾಲರ್ರೇ ಇಲ್ಲ! ಬಾಡ್ ತಪ್ಪಿದ್ರೆ ಅಕ್ಷರಗಳೇ ಕೆಟ್ಟು ಏನೇನೋ ಕಸ ಬರುತ್ತೆ. ಅಕ್ಷರ ಸರಿಯಿದ್ದು ಕಾಣೆಯಾಗ್ತಿವೆ ಅಂದ್ರೆ ಅದೇ ಪೋರ್ಟನ್ನ ಇನ್ಯಾರೋ ಓದ್ತಿರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಎರಡು ಪ್ರೋಗ್ರಾಂ ಒಂದೇ ಪೋರ್ಟ್ ತೆಗೆದ್ರೆ ಲಿನಕ್ಸ್ ಬೇಡ ಅನ್ನಲ್ಲ, ಯಾರು ಮೊದ್ಲು ಓದ್ತಾರೋ ಬೈಟ್ ಅವ್ರಿಗೆ, ಇನ್ನೊಬ್ರಿಗೆ ಅದು ಸಿಗೋದೇ ಇಲ್ಲ.

ಪೋರ್ಟನ್ನ ಯಾವ್ಯಾವ ಪ್ರೋಗ್ರಾಂ ಬಳಸ್ತಿವೆ ಅಂತ ತೋರ್ಸೋ ಫ್ಯೂಸರ್ ಕಮಾಂಡ್ ಹೊಡ್ದೆ. ಜಿಡಿಬಿ ಜೊತೆ ಒಂದು ಮಿನಿಕಾಮ್ (ಸೀರಿಯಲ್ ಪೋರ್ಟಲ್ಲಿ ಬರೋದನ್ನ ತೋರ್ಸೋ, ಟೈಪ್ ಮಾಡಿದ್ದನ್ನ ಕಳ್ಸೋ ಪ್ರೋಗ್ರಾಂ) ಕೂತಿದೆ. ಅದನ್ನ ಕಿಲ್ ಮಾಡಿ, ಎರಡೂ ಕಡೆ ವಾಪಸ್ 115200 ಮಾಡಿದ್ಮೇಲೆ ಮೊದಲನೇ ಸಲಕ್ಕೇ ಕನೆಕ್ಟ್ ಆಯ್ತು.

ಮಿನಿಕಾಮ್ ವಿಷ್ಯಕ್ಕೇ ಇನ್ನೊಂದು. ಬೋರ್ಡಿಂದ ಮೆಸೇಜೆಲ್ಲ ಬರ್ತಿದ್ದು ನೀವು ಟೈಪ್ ಮಾಡಿದ್ದು ಮಾತ್ರ ಹೋಗ್ತಿಲ್ಲ ಅಂದ್ರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಕಳಿಸ್ಬಹುದಾ ಅಂತ ಬೇರೆ ವೈರಲ್ಲಿ ಕೇಳೋ ಸೆಟ್ಟಿಂಗ್) ನೋಡಿ, ಮೂರು ವೈರಿನ ಕೇಬಲ್ ಆದ್ರೆ ಅದು ಆಫ್ ಇರ್ಲೇಬೇಕು.

ಅಂದ ಹಾಗೆ ಆ ಮಿನಿಕಾಮ್ ನಂದೇ, ಬೆಳಿಗ್ಗೆ ಬೂಟ್ ಲಾಗ್ ನೋಡೋಕೆ ಸ್ಕ್ರೀನ್ ಸೆಷನಲ್ಲಿ (ನಾವು ಲಾಗೌಟ್ ಆದ್ರೂ ಅದ್ರಲ್ಲಿರೋ ಪ್ರೋಗ್ರಾಂ ಓಡ್ತಾನೇ ಇರುತ್ತೆ) ತೆಗೆದು ಹಾಗೇ ಬಿಟ್ಟಿದ್ದೆ. ಕೇಬಲ್ ಬದಲಾಯಿಸಿದವ್ರಿಗೆ ಇದನ್ನ ಹೇಳೋಕೆ ಎರಡು ದಿನ ಬೇಕಾಯ್ತು.