ನಕ್ಷೆಯಲ್ಲಿದ್ದ ನೀರು, ಬಂಡೆಯಲ್ಲಿದ್ದ ನೀರು

ಅಮೆರಿಕದ ಅರಿಜೋನಾ ರಾಜ್ಯದ ಸೊನೋರನ್ ಮರುಭೂಮಿಯಲ್ಲಿ, ನೀರಿಗೆ ಬರುವ ಪ್ರಾಣಿಗಳ ಚಿತ್ರವನ್ನು ತಾನಾಗಿಯೇ ತೆಗೆಯುವ ಟ್ರೇಲ್ ಕ್ಯಾಮೆರಾ ಇಡಲು ಹೊರಟಿದ್ದೀರಾ? ಹಾಗಿದ್ದರೆ ನೀರಿದೆ ಎಂದು ತೋರಿಸುವ ನಕ್ಷೆಯ ನೀಲಿ ಗುರುತುಗಳನ್ನು ನಂಬಬೇಡಿ. ನಾನು ನಂಬಿ ಒಂದೂವರೆ ದಿನ ಕಳೆದುಕೊಂಡೆ. ‘ಸ್ಪ್ರಿಂಗ್’, ಅಂದರೆ ಒರತೆ, ಎಂದು ಬರೆದಿದ್ದ ಮೂರು ಜಾಗಗಳಿಗೆ ನಡೆದುಹೋದೆ. ಒಂದರಲ್ಲಿ ತುಕ್ಕು ಹಿಡಿದ ಕೊಳವೆ ಇತ್ತು, ಇನ್ನೊಂದರಲ್ಲಿ ಬಿರುಕು ಬಿಟ್ಟ ಕೆಸರು. ಮೂರನೆಯದರಲ್ಲಿ ಬರೀ ಕಲ್ಲು. ‘ಟ್ಯಾಂಕ್’ ಎಂದು ಬರೆದಿರುವುದು ಹೆಚ್ಚಾಗಿ ದನಗಳಿಗಾಗಿ ಮಣ್ಣಿನ ಏರಿ ಹಾಕಿದ ಕಟ್ಟೆ. ಮಳೆ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಬಾಡಿಗೆ ವಾಹನದಲ್ಲಿಯೂ ಪೆಟ್ಟು ತಿಂದೆ. ನಾಲ್ಕೂ ಚಕ್ರಕ್ಕೆ ಎಳೆತವಿದೆ, ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಹೇಳಿಯೇ ಕೊಟ್ಟರು. ಡಾಂಬರಿಲ್ಲದ ರಸ್ತೆಗೆ ಇಳಿಸಬಾರದೆಂಬ ಷರತ್ತು ಒಪ್ಪಂದದ ಒಳಪುಟದಲ್ಲಿತ್ತು. ಚೂಪು ಕಲ್ಲಿಗೆ ಸೀಳಿದ ಒಂದು ಟೈರಿಗೆ 310 ಡಾಲರ್ ತೆತ್ತೆ. ಸಹಿ ಮಾಡುವ ಮುನ್ನ ಆ ಸಾಲನ್ನು ಹುಡುಕಿ ಓದಿ.

ಆಹೊ ಊರಿನ ರಸ್ತೆ ಬದಿಯ ಗಾಡಿಯೊಂದರಲ್ಲಿ ಸಿಕ್ಕ ಊಟವನ್ನು ಮಾತ್ರ ಮರೆಯಲಾರೆ. ಎಣ್ಣೆಯಲ್ಲಿ ಕರಿದ ಅಗಲವಾದ ರೊಟ್ಟಿ, ಮೇಲೆ ಬೇಯಿಸಿದ ಟೆಪರಿ ಕಾಳು, ಒಂದಿಷ್ಟು ಖಾರ. ಟೆಪರಿ ಈ ಮರುಭೂಮಿಯದೇ ಕಾಳು. ಮುಂಗಾರಿನ ಒಂದೆರಡು ಮಳೆಯ ನೀರಿನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನ ತಲೆಮಾರುಗಳಿಂದ ಇದನ್ನು ಬೆಳೆಯುತ್ತಿದ್ದಾರೆ. ಬೆಂದರೂ ಕರಗದೆ ಗಟ್ಟಿಯಾಗಿಯೇ ಉಳಿದು, ಹುರಿದ ಕಡಲೆಯಂಥ ಪರಿಮಳ ಬಿಡುತ್ತದೆ. 8 ಡಾಲರಿಗೆ ರಾತ್ರಿಯವರೆಗೂ ಹಸಿವಾಗಲಿಲ್ಲ. ಮೂರು ದಿನವೂ ಅಲ್ಲಿಯೇ ಉಂಡೆ. ನೀರು ಸಿಗಲಿಲ್ಲ ಎಂದಾಗ, ಬಡಿಸುತ್ತಿದ್ದ ಹಿರಿಯ ಹೆಂಗಸು ‘ಬೆಟ್ಟದ ಬಿಸಿಲು ಬೀಳದ ಮಗ್ಗುಲಲ್ಲಿ ನೋಡಿ’ ಎಂದಷ್ಟೇ ಹೇಳಿದರು.

ಅಲ್ಲಿಯೇ ಇತ್ತು. ಮಳೆನೀರು ಧುಮುಕಿ ಧುಮುಕಿ ಬಂಡೆಯಲ್ಲಿ ಕೊರೆದ ಗುಂಡಿಯನ್ನು ಇಲ್ಲಿ ತಿನಾಹಾ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಅದರ ಅರ್ಥ ಮಣ್ಣಿನ ದೊಡ್ಡ ಹರವಿ. ಕಿರಿದಾದ ಕಮರಿಯಲ್ಲಿ, ಉತ್ತರಕ್ಕೆ ಮುಖ ಮಾಡಿದ ಗುಂಡಿ ಆಳವಾಗಿದ್ದರೆ ತಿಂಗಳುಗಟ್ಟಲೆ ನೀರು ಹಿಡಿದಿಡುತ್ತದೆ. ಹುಡುಕಲು ಮೇ ಅಥವಾ ಜೂನ್ ಮೊದಲ ವಾರಗಳಲ್ಲೇ ಹೋಗಿ. ಸೆಕೆ ವಿಪರೀತ, ನಿಜ. ಆದರೆ ಆಗಲೂ ಒದ್ದೆಯಾಗಿರುವ ಜಾಗವೇ ನಂಬಬಹುದಾದ ಜಾಗ. ಮಳೆ ಬಂದ ಮೇಲೆ ಹೋದರೆ ಎಲ್ಲ ಹಳ್ಳವೂ ನೀರೆಂದೇ ಕಾಣುತ್ತದೆ. ಜೇನ್ನೊಣಗಳ ಸಾಲು ಒಳ್ಳೆಯ ಗುರುತು, ಆದರೆ ಇಲ್ಲಿನವು ಸಿಡುಕಿನ ಆಫ್ರಿಕನ್ ಮಿಶ್ರತಳಿ, ದೂರವಿರಿ. ಬಿಳಿರೆಕ್ಕೆಯ ಬೆಳವಗಳನ್ನು ಹಿಂಬಾಲಿಸಬೇಡಿ. ಸಗ್ವಾರೊ ಕಳ್ಳಿಯ ಹಣ್ಣೇ ಅವುಗಳ ದಾಹವನ್ನು ಬಹುಮಟ್ಟಿಗೆ ತಣಿಸುತ್ತದೆ. ಒಣಹಳ್ಳದ ಮರಳಿನಲ್ಲಿ, ತೋಳದ ಜಾತಿಯ ಕಯೋಟೆ ತೋಡಿದ ಗುಂಡಿ ಕಂಡರೆ ನಿಲ್ಲಿ. ಅದು ತೋಡಿದ ನೀರನ್ನು ಬೇರೆ ಪ್ರಾಣಿಗಳೂ ಕುಡಿಯುತ್ತವೆ.

ಕ್ಯಾಮೆರಾವನ್ನು ನೀರಿಗೆ ಎದುರಾಗಿ ಇಡದೆ, ನೀರಿಗೆ ಇಳಿಯುವ ಜಾಡಿನ ಪಕ್ಕದಲ್ಲಿ ಮೂರು ಮೀಟರ್ ದೂರ, ಮೊಣಕಾಲೆತ್ತರಕ್ಕೆ ಉತ್ತರಾಭಿಮುಖವಾಗಿ ಕಟ್ಟಿ. ಅದರ ಸಂವೇದಕ ಗುರುತಿಸುವುದು ಪ್ರಾಣಿಗೂ ಹಿನ್ನೆಲೆಗೂ ಇರುವ ಬಿಸಿಯ ವ್ಯತ್ಯಾಸವನ್ನು. ಬಂಡೆಯೇ ಮೈಯಷ್ಟು ಕಾದಾಗ ಎದುರಿಗೆ ಬಂದ ಜಿಂಕೆಯೂ ತಪ್ಪಿಹೋಗುತ್ತದೆ. ನನಗೆ ನಡುಹಗಲಿನ ಒಂದು ಚಿತ್ರವೂ ಸಿಗಲಿಲ್ಲ.

ನಿಯಮಗಳೂ ಇವೆ. ಬೇಟೆಗೆ ನೆರವಾಗುವಂತೆ ಟ್ರೇಲ್ ಕ್ಯಾಮೆರಾ ಬಳಸುವುದನ್ನು ಅರಿಜೋನಾ 2022ರಿಂದ ನಿಷೇಧಿಸಿದೆ. ಪ್ರಾಣಿಗಳಿಗೆ ಹತ್ತಿರದಲ್ಲಿ ಬೇರೆ ನೀರಿಲ್ಲದ ಕಡೆ, ನೀರಿನ ಕಾಲು ಮೈಲಿಯೊಳಗೆ ಡೇರೆ ಹಾಕಿ ಅವುಗಳ ದಾರಿ ಕಟ್ಟುವಂತಿಲ್ಲ. ಇದನ್ನು ದಯವಿಟ್ಟು ಮನಸ್ಸಿಟ್ಟು ಪಾಲಿಸಿ. ನೀವು ಕುಳಿತಿದ್ದರೆ ಬಿಗ್‌ಹಾರ್ನ್ ಕಾಡುಕುರಿ ಬಾಯಾರಿಕೆ ತಡೆದುಕೊಂಡು ಮೇಲೆಯೇ ನಿಂತಿರುತ್ತದೆ. ನಾನು ಇಪ್ಪತ್ತು ನಿಮಿಷದಲ್ಲಿ ಕಟ್ಟಿ ಇಳಿದುಬಂದೆ, ಅಲ್ಲಿನ ಒಂದು ಹನಿಯನ್ನೂ ಮುಟ್ಟಲಿಲ್ಲ. ಆರ್ಗನ್ ಪೈಪ್ ಕ್ಯಾಕ್ಟಸ್ ರಾಷ್ಟ್ರೀಯ ಸ್ಮಾರಕ ಎಂಬ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಕ್ಯಾಮೆರಾ ಬಿಟ್ಟುಬರಬೇಡಿ.

ಜೂನ್ 15ಕ್ಕೆ ಇಲ್ಲಿನ ಮುಂಗಾರಿನ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮುಂಚೆ ಕಮರಿಯಿಂದ ಕ್ಯಾಮೆರಾ ಬಿಚ್ಚಿ ತನ್ನಿ; ಎಲ್ಲೋ ದೂರದಲ್ಲಿ ಸುರಿದ ಮಳೆ ಬಿಸಿಲಿರುವಾಗಲೇ ಹಳ್ಳಕ್ಕೆ ಪ್ರವಾಹವಾಗಿ ಬರುತ್ತದೆ.